ಗಾಜಿನ ಮೇಲಿನ ಅಂಕಿ

ಲೂಡನ್ ಮಿಲ್ಸ್, ಓಹಾಯೊ
9 ಏಪ್ರಿಲ್ 2003

ರಾಯ್ಸ್,

ಲಕೋಟೆಯ ಮೇಲೆ ನನ್ನ ಹೆಸರು ನೋಡಿದ ಮೇಲೂ ಇದನ್ನು ಒಲೆಗೆ ಹಾಕದೆ ಒಡೆದಿದ್ದರೆ, ದಯವಿಟ್ಟು ಪೂರ್ತಿ ಓದು. ಫೋನ್ ಮಾಡೋಣವೆಂದಿದ್ದೆ. ಎಂಜಿನ್‌ಗಳ ಸದ್ದಿಗೆ ನಿನ್ನ ಎರಡೂ ಕಿವಿ ಹೋಗಿವೆ, ಫೋನಿನಲ್ಲಿ ಯಾರು ಏನು ಹೇಳಿದರೂ "ಬೇಡ, ನಮಗೇನೂ ಬೇಡ" ಎಂದು ಇಟ್ಟುಬಿಡುತ್ತೀಯ ಎಂದು ನಿನ್ನ ತಂಗಿ ನೊರೀನ್ ಹೇಳಿದಳು. ಹಾಗಾಗಿ ಇಪ್ಪತ್ತೆರಡು ವರ್ಷದ ಮೇಲೆ ಈ ಕಾಗದ.

ವೆಂಡೆಲ್‌ಗೆ ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ನಿಂತಿದೆ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಒಂದು ಗೆರೆ ಎಳೆದು ಎಸೆಯುತ್ತಾನೆ. ಅಕ್ಷರಗಳು ಕೈಯಿಂದಲ್ಲ, ತಲೆಯಿಂದಲೇ ಹೋಗಿವೆಯಂತೆ. ನಾವು ಹೇಳಿದ್ದು ಮಾತ್ರ ಎಲ್ಲವೂ ತಿಳಿಯುತ್ತದೆ. ಹೌದು, ಅಲ್ಲ ಎನ್ನಲು ತಲೆ ಆಡಿಸುತ್ತಾನೆ, ಅದೂ ಅದಲುಬದಲಾಗುತ್ತದೆ. ಕಾಫಿ ಬೇಕೇ ಎಂದರೆ ಅಡ್ಡಡ್ಡ ಆಡಿಸಿ, ಲೋಟ ಕೊಟ್ಟರೆ ಪೂರ್ತಿ ಕುಡಿಯುತ್ತಾನೆ.

ಕಾರು ಇನ್ನೂ ಇದೆ. ನೀವಿಬ್ಬರೂ ಜಗಳವಾಡಿ ಅದನ್ನು ಪಾಲು ಮಾಡಿಕೊಂಡ ಮೇಲೆ, ಎಂಜಿನ್ ಇಲ್ಲದ ಕಾರು ಕೋಳಿಗೂಡಾಗುವುದು ಬೇಡವೆಂದು ವೆಂಡೆಲ್ ಗುಜರಿಯಿಂದ ಆರು ಸಿಲಿಂಡರಿನ ಒಂದು ಎಂಜಿನ್ ತಂದು ಕೂರಿಸಿದ. ಹಿಂದೆ ಆ ದಪ್ಪ ಟೈರುಗಳು, ಬಾನೆಟ್ ಮೇಲೆ ಆ ಗೂನು, ಒಳಗೆ ಹೊಲಿಗೆ ಯಂತ್ರದ ದನಿ. ಅದರಲ್ಲೇ ಇಷ್ಟು ವರ್ಷ ಚರ್ಚಿಗೆ, ದಿನಸಿ ಅಂಗಡಿಗೆ ಓಡಾಡಿದೆವು. ಸಿಗ್ನಲ್ಲಿನಲ್ಲಿ ಯಾರಾದರೂ ಪಡ್ಡೆಗಳು ಪಕ್ಕಕ್ಕೆ ಬಂದು ಗುರ್ ಎನಿಸಿದರೆ ವೆಂಡೆಲ್ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ.

ಈಗ ಮಧ್ಯಾಹ್ನದ ಊಟವಾದ ಕೂಡಲೇ ಎಡಗೈಯನ್ನು ಗ್ಯಾರೇಜಿನತ್ತ ಚಾಚುತ್ತಾನೆ. ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಕಾರಿನ ಮುಂದೆ ನಿಲ್ಲಿಸುತ್ತೇನೆ. ಕೀಲಿ ತಿರುಗಿಸಿದರೆ ಹೊಲಿಗೆ ಯಂತ್ರ ಶುರುವಾಗುತ್ತದೆ. ಅವನು ಮುಖ ಆಚೆ ತಿರುಗಿಸುತ್ತಾನೆ.

ಮಾತು ಕಲಿಸಲು ವಾರಕ್ಕೆರಡು ಸಲ ಬರುವ ಶ್ರೀಮತಿ ಡೋಬಿನ್ಸ್ ಗೋಡೆಯ ಮೇಲಿನ ಹಳೆಯ ಫೋಟೋ ನೋಡಿ, ಕಾರಿನ ಕಿಟಕಿಯ ಮೇಲೆ ಬಿಳಿಯ ಅಂಕಿ ಏಕೆ ಎಂದು ಕೇಳಿದಳು. ಮಡ್ಡಿ ಫೋರ್ಕ್‌ನ ಕಾರು ಓಟದಲ್ಲಿ ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತೇವೆಂದು ಮೊದಲೇ ಶೂ ಪಾಲಿಶಿನಲ್ಲಿ ಗಾಜಿನ ಮೇಲೆ ಬರೆಯಬೇಕು ಎಂದೆ. ಜೋಡಿಯಾಗಿ ಓಡುವ ಎರಡು ಕಾರುಗಳಲ್ಲಿ ನಿಧಾನದ್ದನ್ನು ಆ ಲೆಕ್ಕದಲ್ಲಿ ಮೊದಲು ಬಿಡುತ್ತಾರೆ. ಬರೆದ ಅಂಕಿಗೆ ಹತ್ತಿರ ಓಡಿದಷ್ಟೂ ಒಳ್ಳೆಯದು. ಆದರೆ ಅದಕ್ಕಿಂತ ಕೂದಲೆಳೆಯಷ್ಟು ವೇಗವಾದರೂ ಸೋತಂತೆ. ಅವಳಿಗೆ ನಗು ಬಂತು. "ಜೋರಾಗಿ ಓಡಿದ್ದಕ್ಕೆ ಸೋಲ್ತಾರಾ?" ಎಂದಳು. ಸೋಲುತ್ತಾರೆ ಎಂದೆ. ವೆಂಡೆಲ್ ಕಣ್ಣು ಮುಚ್ಚಿಕೊಂಡ.

ನಿನ್ನ ಪಾಲಿನ ಎಂಜಿನ್ ಇನ್ನೂ ನಿನ್ನ ಹತ್ತಿರವೇ ಇದೆಯೆಂದು ನೊರೀನ್ ಹೇಳಿದಳು. ಕೊಟ್ಟುಬಿಡು ಎನ್ನುತ್ತಿಲ್ಲ. ತಂದು ಕೂರಿಸು, ಒಂದು ಸಲ ಅವನು ಕೇಳಲಿ, ಆಮೇಲೆ ಬಿಚ್ಚಿಕೊಂಡು ಹೋಗು. ಡಾಕ್ಟರು ಎರಡನೆಯ ಹೊಡೆತದ ಮಾತಾಡುತ್ತಿದ್ದಾರೆ. ಬೇಸಿಗೆ ದಾಟಿದರೆ ದೊಡ್ಡದು.

ಲೀಟಾ ಕಿಟ್ರಿಜ್


ಪೈನ್ ಲಿಕ್, ಕೆಂಟಕಿ
28 ಏಪ್ರಿಲ್ 2003

ಶ್ರೀಮತಿ ಕಿಟ್ರಿಜ್ ಅವರಿಗೆ,

ನಿಮ್ಮ ಕಾಗದ ತಲುಪಿತು. ವೆಂಡೆಲ್‌ನ ವಿಷಯ ತಿಳಿದು ಸಂಕಟವಾಯಿತು. ಅವನು ನನಗಿಂತ ಗಟ್ಟಿ ಆಳು. ಮೊದಲು ಮಲಗುವವನು ನಾನೇ ಎಂದುಕೊಂಡಿದ್ದೆ.

ಎಂಜಿನ್ ವಿಷಯಕ್ಕೆ ಬರುತ್ತೇನೆ. ಆಗ ಆದ ಮಾತು ನಿಮಗೆ ನೆನಪಿರಬೇಕು. ಕಾರಿನ ಮೈ ಅವನಿಗೆ, ಎಂಜಿನ್ ನನಗೆ. ಚೈನ್ ಬ್ಲಾಕಿನಲ್ಲಿ ಅದನ್ನು ಮೇಲೆತ್ತುವಾಗ ಅವನೇ ಸರಪಳಿ ಎಳೆದ. ನಾನೇ ಕೆಳಗಿನಿಂದ ಹಿಡಿದುಕೊಂಡೆ. ಆ ಎಂಜಿನ್‌ನ ಒಂದೊಂದು ಸಿಲಿಂಡರನ್ನೂ ನನ್ನ ಕೈಯಲ್ಲಿ ಕೊರೆದು ಹಿಗ್ಗಿಸಿದ್ದೇನೆ. ಹನ್ನೊಂದು ವರ್ಷ ಮಡ್ಡಿ ಫೋರ್ಕ್‌ನಲ್ಲಿ ಅದು ಒಮ್ಮೆಯೂ ಕೈಕೊಟ್ಟಿಲ್ಲ. 1981ರ ಸೆಪ್ಟೆಂಬರಿನ ಮೊದಲ ವಾರ, ನಮ್ಮ ಕಾರ್ಮಿಕರ ದಿನದ ರಜೆಯ ಪಂದ್ಯದ ಕೊನೆಯ ಓಟದಲ್ಲೂ ಕೈಕೊಡಲಿಲ್ಲ. ಕೈಕೊಟ್ಟದ್ದು ಗಾಜಿನ ಮೇಲಿನ ಅಂಕಿ. ಬರೆದದ್ದು 11.41, ಓಡಿದ್ದು 11.39. ಟ್ರ್ಯಾಕಿನ ಹಲಗೆಯ ಮೇಲೆ ಆ ವರ್ಷದ ಹೆಸರು ನಮ್ಮದಾಗಬೇಕಿತ್ತು. ಅಂಕಿ ಬರೆಯುವ ಕೆಲಸ ಯಾರದ್ದಾಗಿತ್ತೆಂದು ನಾನು ಮತ್ತೆ ಹೇಳಬೇಕಾಗಿಲ್ಲ. ಆವತ್ತು ಎಲ್ಲರೆದುರು ಹೇಳಿಯಾಗಿದೆ.

ಸಿಟ್ಟಿನಿಂದ ಬರೆಯುತ್ತಿಲ್ಲ. ಹಳೆಯದನ್ನು ಕೆದಕಿ ಪ್ರಯೋಜನವಿಲ್ಲ ಎಂದಷ್ಟೇ. ಎಂಜಿನ್ ಅದರ ಪಾಡಿಗೆ ಮೂಲೆಯಲ್ಲಿದೆ. ನಾನೂ ಅಷ್ಟೇ.

ವೆಂಡೆಲ್‌ಗೆ ನನ್ನ ನೆನಪು ತಿಳಿಸಿ.

ಆರ್. ಟ್ಯಾಕೆಟ್


ಲೂಡನ್ ಮಿಲ್ಸ್
6 ಮೇ 2003

ರಾಯ್ಸ್ ಟ್ಯಾಕೆಟ್,

ನನ್ನ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಜೋಳದ ಬ್ರೆಡ್ಡಿಗೆ ಕೈಯಿಂದಲೇ ಬೆಣ್ಣೆ ಸವರಿಕೊಂಡು ತಿಂದವನು ನನ್ನನ್ನು ಶ್ರೀಮತಿ ಎಂದು ಕರೆಯುವುದು ಚೆನ್ನಾಗಿದೆ. ಅಷ್ಟು ಮರ್ಯಾದೆ ಆವತ್ತು ಮಡ್ಡಿ ಫೋರ್ಕ್‌ನಲ್ಲಿ, ಅರ್ಧ ಕೌಂಟಿಯ ಜನದೆದುರು ನನ್ನ ಮೇಲೆ ಕೂಗಾಡುವಾಗ ಎಲ್ಲಿತ್ತೋ ಕಾಣೆ. "ಹೆಂಡ್ತೀನ ಖುಷಿಪಡಿಸೋಕೆ ಅವಳ ಕೈಗೆ ಅಂಕಿ ಕೊಟ್ಟೆ, ಈಗ ನೋಡು" ಎಂದು ವೆಂಡೆಲ್‌ಗೆ ಹೇಳಿದೆಯಲ್ಲ, ಅದು ನನಗೆ ಅಕ್ಷರಶಃ ನೆನಪಿದೆ. ಆಗ ವೆಂಡೆಲ್ ಹೆಲ್ಮೆಟ್ ತೆಗೆದು, ಓಟದ ಚೀಟಿ ನೋಡಿ, ನನ್ನ ಮುಖ ನೋಡಿ, ನಿನಗೆ ಹೇಳಿದ ಮಾತೂ ನೆನಪಿದೆ. "ಅಂಕಿ ನಮ್ಮದು. ನನ್ನ ಹೆಂಡ್ತಿಗೆ ಏನಾದ್ರೂ ಹೇಳೋದಿದ್ರೆ ನನಗೆ ಹೇಳು."

ಆ ಅಂಕಿಯ ಬಗ್ಗೆ ನಾನು ಆವತ್ತೂ ಬಾಯಿ ಬಿಡಲಿಲ್ಲ, ಈವತ್ತೂ ಬಿಡುವುದಿಲ್ಲ. ಅದರ ಬಗ್ಗೆ ಮಾತಾಡಬೇಕಾಗಿದ್ದವರು ಬೇರೆ. ಅವರಿಗೆ ಈಗ ಮಾತೇ ಇಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡ.

ನಿನಗೆ ಇನ್ನೊಂದು ಸಂಗತಿ ಹೇಳುತ್ತೇನೆ. ಆ ಕಾರು ನಮಗೆ ಹೇಗೆ ಬಂತೆಂದು ಶ್ರೀಮತಿ ಡೋಬಿನ್ಸ್‌ಗೆ ಮೊನ್ನೆ ಹೇಳುತ್ತಿದ್ದೆ. ವೆಂಡೆಲ್‌ನ ಸೋದರತ್ತೆ ಓಪಲ್, ನಲವತ್ತು ವರ್ಷ ಮೇಷ್ಟ್ರಿಣಿಯಾಗಿದ್ದವಳು, 66ರ ಆ ಹಸಿರು ಶೆವೆಲ್ ಕಾರನ್ನು ಚರ್ಚಿಗೆ ಬಿಟ್ಟು ಎಲ್ಲಿಗೂ ತೆಗೆಯುತ್ತಿರಲಿಲ್ಲ. ನಿಮಗಿಬ್ಬರಿಗೆ ಮಾರುವಾಗ ಭಾನುವಾರ ಇದನ್ನು ಜೋರಾಗಿ ಓಡಿಸುವುದಿಲ್ಲವೆಂದು ಬೈಬಲ್ ಮುಟ್ಟಿಸಿ ಮಾತು ತೆಗೆದುಕೊಂಡಿದ್ದಳು. ಓಟವೆಲ್ಲ ಭಾನುವಾರವೇ ಇರುವುದೆಂದು ನೀವಿಬ್ಬರೂ ಹೇಳಲಿಲ್ಲ. ಆ ತಪ್ಪಿಗೆ ಬಾಗಿಲ ಮೇಲೆ "ಓಪಲ್ ಅತ್ತೆ" ಎಂದು ಬಂಗಾರದ ಬಣ್ಣದಲ್ಲಿ ಬರೆಸಿದಿರಿ. ಸೋಮವಾರ ಅದರಲ್ಲೇ ಫೌಂಡ್ರಿಗೆ ಕೆಲಸಕ್ಕೆ ಹೋಗುವುದು, ಭಾನುವಾರ ಅದರಲ್ಲೇ ಓಟಕ್ಕೆ ಹೋಗುವುದು. ಇದನ್ನು ಹೇಳುವಾಗ ವೆಂಡೆಲ್ ನಕ್ಕ. ಫೆಬ್ರವರಿಯಿಂದೀಚೆಗೆ ಅದು ಅವನ ಮೊದಲ ನಗು. ಅರ್ಧ ಮುಖದ್ದೇ, ಆದರೂ ನಗು.

ನಿನ್ನ ಎಣ್ಣೆಗಪ್ಪು ಟೋಪಿ ಇನ್ನೂ ನಮ್ಮ ಗ್ಯಾರೇಜಿನ ಮೊಳೆಯ ಮೇಲಿದೆ. ಗೋಡೆಗೆ ಬಣ್ಣ ಹೊಡೆಯುವಾಗ ವೆಂಡೆಲ್ ಅದನ್ನು ತೆಗೆದು, ಬಣ್ಣ ಒಣಗಿದ ಮೇಲೆ ಅದೇ ಮೊಳೆಗೆ ಹಾಕಿದ. ನಾನು ಏಕೆ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವುದು ನಿಂತು ಬಹಳ ವರ್ಷವಾಯಿತು.

ಲೀಟಾ


ಪೈನ್ ಲಿಕ್
2 ಜೂನ್ 2003

ಲೀಟಾ,

ಆ ಟೋಪಿಯನ್ನು ನಾನು ಟ್ರ್ಯಾಕಿನಲ್ಲಿ ಕಳೆದುಕೊಂಡೆ ಎಂದುಕೊಂಡಿದ್ದೆ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ, ಎಂಜಿನ್ ಬಿಚ್ಚಿ ಕುಳಿತಿದ್ದೆ. ಇದನ್ನು ನೊರೀನ್‌ಗೂ ಹೇಳಿಲ್ಲ: ಪ್ರತಿ ತಿಂಗಳ ಮೊದಲ ಭಾನುವಾರ ಅದರ ಮೇಲಿನ ಹಾಸಿಗೆ ಬಟ್ಟೆ ಸರಿಸಿ, ಒಂದೊಂದು ಸಿಲಿಂಡರಿಗೂ ಎರಡು ಹನಿ ಎಣ್ಣೆ ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸುತ್ತಾ ಬಂದಿದ್ದೇನೆ. ತಿರುಗಿಸದಿದ್ದರೆ ಕಚ್ಚಿಕೊಂಡುಬಿಡುತ್ತದೆ. ಈಗ ಹೊಸ ಗ್ಯಾಸ್ಕೆಟ್ ಹಾಕಿದ್ದೇನೆ. ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದೇನೆ. ಕಿವಿ ಕೇಳದಿದ್ದರೇನು, ಬ್ಲಾಕಿನ ಮೇಲೆ ಅಂಗೈ ಇಟ್ಟರೆ ಯಾವ ಸಿಲಿಂಡರ್ ಏನು ಹೇಳುತ್ತಿದೆಯೆಂದು ಗೊತ್ತಾಗುತ್ತದೆ.

ಜೂನ್ 20, ಶುಕ್ರವಾರ ಟ್ರಕ್ಕಿನಲ್ಲಿ ತರುತ್ತೇನೆ. ಚೈನ್ ಬ್ಲಾಕ್ ನನ್ನದೇ ತರುತ್ತೇನೆ, ನಿಮ್ಮದರ ಮೇಲೆ ಆಗಲೂ ನಂಬಿಕೆ ಇರಲಿಲ್ಲ. ಎರಡು ದಿನದ ಕೆಲಸ. ಸ್ಪ್ಯಾನರ್ ಎತ್ತಿಕೊಡಲು ನೀನಿರಬೇಕು.

ವೆಂಡೆಲ್ ಜೊತೆ ಹೇಗೆ ಮಾತಾಡುವುದೆಂದು ಯೋಚಿಸುತ್ತಿದ್ದೆ. ಅವನಿಗೆ ಬಾಯಿಲ್ಲ, ನನಗೆ ಕಿವಿಯಿಲ್ಲ. ಒಳ್ಳೆಯ ಜೋಡಿ. ಆದರೆ ಓಟ ಶುರುವಾಗುವ ಗೆರೆಯ ಹತ್ತಿರ ಆ ಸದ್ದಿನಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡಿದವರು. ಅಭ್ಯಾಸ ತಪ್ಪಿರಲಾರದು.

ರಾಯ್ಸ್


ಲೂಡನ್ ಮಿಲ್ಸ್
25 ಜೂನ್ 2003

ರಾಯ್ಸ್,

ನೀನು ಊಟ ಮಾಡದೆ ಹೊರಟುಹೋದೆ. ನೀನು ಇರುತ್ತೀಯೆಂದು ಪೀಚ್ ಪೈ ಮಾಡಿದ್ದೆ. ಮೂರು ದಿನದಿಂದ ನಾನೂ ಶ್ರೀಮತಿ ಡೋಬಿನ್ಸೂ ಇಬ್ಬರೇ ತಿಂದು ಮುಗಿಸುತ್ತಿದ್ದೇವೆ.

ಮೊದಲು ಧನ್ಯವಾದ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಅರವತ್ತೇಳು ವರ್ಷದ ನೀನು ಕಾರಿನ ಕೆಳಗೆ ಬೆನ್ನು ಹಾಕಿ ಮಲಗಿದ್ದೂ, ನೀನು ತಪ್ಪು ಸ್ಪ್ಯಾನರ್ ಎತ್ತಿದಾಗಲೆಲ್ಲ ವೆಂಡೆಲ್ ಕುರ್ಚಿಯ ಕೈ ಬಡಿದು ಸಿಟ್ಟಾಗಿದ್ದೂ, ನೀನು ಅವನಿಗೆ "ಸುಮ್ನಿರೋ ಮುದುಕ, ನಾನಿನ್ನೂ ಸತ್ತಿಲ್ಲ" ಎಂದದ್ದೂ ನೋಡಿ, ನನಗೆ ಮಧ್ಯೆ ಇಪ್ಪತ್ತೆರಡು ವರ್ಷ ನಡೆದೇ ಇಲ್ಲವೆನ್ನಿಸಿತು.

ಶನಿವಾರ ಸಂಜೆ ಅದು ಶುರುವಾದಾಗ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದವಳು ನಾನು. ಕಿಟಕಿಗಳು ಗಡಗಡ ನಡುಗಿದವು. ಪಕ್ಕದ ಮನೆಯ ನಾಯಿ ಓಡಿಹೋಯಿತು, ಮರುದಿನ ಮಧ್ಯಾಹ್ನ ಬಂತು. ಮುಂದಿನ ಗಾಜಿನಿಂದ ನೋಡುತ್ತಿದ್ದೆ. ವೆಂಡೆಲ್ ಕಣ್ಣು ಮುಚ್ಚಿ, ಎಡಗೈಯನ್ನು ಬಾನೆಟ್ ಮೇಲೆ ಇಟ್ಟುಕೊಂಡಿದ್ದ. ಆಮೇಲೆ ನೀನು ಅವನ ಮುಂದೆ ಮೊಣಕಾಲೂರಿ ಕೂತೆ, ಅವನು ಕಣ್ಣು ತೆರೆದ. ನಿನ್ನ ತುಟಿ ಆಡುತ್ತಿತ್ತು. ಆ ವಿದ್ಯೆ ನಿಮ್ಮಿಬ್ಬರಿಗೇ ಸೇರಿದ್ದು, ನನಗೆ ಬಾರದು. ಹಳೆಯ ಸ್ನೇಹಿತನಿಗೆ ಏನೋ ಒಳ್ಳೆಯದು ಹೇಳುತ್ತಿದ್ದಾನೆ, ಹೇಳಿಕೊಳ್ಳಲಿ ಎಂದು ನಾನು ಬೇಕೆಂದೇ ಕಾಲು ತೆಗೆಯಲಿಲ್ಲ. ನಾನು ಎಂಜಿನ್ ನಿಲ್ಲಿಸಿ ಇಳಿಯುವಷ್ಟರಲ್ಲಿ ನೀನು ಟ್ರಕ್ಕಿನ ಹತ್ತಿರ ಹೋಗಿಯಾಗಿತ್ತು. ಬಿಚ್ಚಿಕೊಂಡು ಹೋಗಲು ಸೆಪ್ಟೆಂಬರಿನಲ್ಲಿ ಬರುತ್ತೇನೆ ಎಂದೆ, ಹೋದೆ.

ನೀನು ಹೋದ ಮೇಲೆ ನಡೆದದ್ದನ್ನು ಹೇಳುತ್ತೇನೆ. ಅದಕ್ಕೇ ಈ ಕಾಗದ. ಮೇ ತಿಂಗಳಲ್ಲಿ ಬಾಯಿ ಬಿಡುವುದಿಲ್ಲ ಎಂದಿದ್ದೆ. ಈಗ ಬಿಡಬಹುದು.

ಆವತ್ತು ಕೊನೆಯ ಓಟಕ್ಕೆ ನಾನು ಗಾಜಿನ ಮೇಲೆ ಬರೆದದ್ದು 11.38. ಹೊಲದ ಕಡೆಯಿಂದ ತಂಪು ಗಾಳಿ ಎದ್ದಿತ್ತು, ತಂಪಿಗೆ ಎಂಜಿನ್ ಚುರುಕಾಗುತ್ತದೆ. ನನ್ನ ನೋಟುಬುಕ್ಕಿನಲ್ಲಿ ಇನ್ನೂ ಹಾಗೇ ಇದೆ. ಬರೆದು, ಎಂದಿನಂತೆ ಓಟ ನೋಡಲು ಪ್ರೇಕ್ಷಕರ ಮೆಟ್ಟಿಲ ಮೇಲೆ ಹೋಗಿ ಕೂತೆ. ಓಟ ಮುಗಿದು ಚೀಟಿ ನೋಡಿದರೆ ಗಾಜಿನ ಮೇಲೆ ಬರೆದ ಅಂಕಿ 11.41 ಎಂದಿದೆ. ನಾನು ಹೋದ ಮೇಲೆ ಯಾರೋ ಒರೆಸಿ ಬದಲಾಯಿಸಿದ್ದಾರೆ. ಓಡಿಸುವವನು ಅವನು, ಅವನನ್ನು ಬಿಟ್ಟು ಯಾರು ಬದಲಾಯಿಸುತ್ತಾರೆ? ನೀನು ಕೂಗಾಡುವಾಗ ನಾನು ವೆಂಡೆಲ್‌ನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು. "ಅಂಕಿ ನಮ್ಮದು" ಎಂದ. ನನ್ನದಲ್ಲ, ನಮ್ಮದು. ಅಷ್ಟಕ್ಕೇ ನಿಲ್ಲಿಸಿದ. ಎಲ್ಲರೆದುರು ಗಂಡನ ಮರ್ಯಾದೆ ತೆಗೆಯಬಾರದೆಂದು ನಾನೂ ಸುಮ್ಮನಾದೆ. ಮನೆಗೆ ಹೋದ ಮೇಲೆ ಹೇಳಿಯಾನು ಎಂದುಕೊಂಡೆ. ಆ ವಾರ, ಆ ಚಳಿಗಾಲ, ಆ ವರ್ಷ. ಅವನು ಹೇಳಲಿಲ್ಲ. ನಾನು ಕೇಳಲಿಲ್ಲ. ಅವನೇ ಹೇಳಬೇಕು ಎಂಬ ಹಟ ನನ್ನದು. ನಮ್ಮ ಸಂಸಾರ ಚೆನ್ನಾಗಿಯೇ ನಡೆಯಿತು, ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ನಾನು ಆ ಮಡ್ಡಿ ಫೋರ್ಕ್‌ಗೆ ಮತ್ತೆ ಕಾಲಿಡಲಿಲ್ಲ, ಅವನ ತಟ್ಟೆಯನ್ನು ಮೇಜಿನ ಮೇಲೆ ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿ ಇಡುತ್ತಿದ್ದೆ. ದಿನವೂ ಅಲ್ಲ. ಆದರೂ ಎಷ್ಟೋ ದಿನ.

ಶನಿವಾರ ನಿನ್ನ ಟ್ರಕ್ಕು ತಿರುವು ದಾಟಿತೋ ಇಲ್ಲವೋ, ವೆಂಡೆಲ್ ಎಡಗೈಯಿಂದ ನನ್ನ ತೋಳು ಹಿಡಿದು ಎಳೆದ. ಕಾರಿನ ಆ ಪಕ್ಕಕ್ಕೆ ತಳ್ಳು ಎಂದು ತೋರಿಸಿದ. ತಳ್ಳಿದೆ. ಹಿಂದಿನ ಕಿಟಕಿ, ನಾನು ಅಂಕಿ ಬರೆಯುತ್ತಿದ್ದ ಜಾಗ. ಅಲ್ಲಿಗೆ ಹೆಬ್ಬೆರಳು ಒತ್ತಿ ಒರೆಸತೊಡಗಿದ. ಒರೆಸುವುದು, ನನ್ನ ಮುಖ ನೋಡುವುದು, ಮತ್ತೆ ಒರೆಸುವುದು. ಕಣ್ಣಿಂದ ನೀರು ಸುರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಕಾದ ಮಾತು ನನಗೆ ಹಾಗೆ ಬಂತು, ರಾಯ್ಸ್. ಮಾತು ಹೋದ ಮೇಲೆ, ಹೆಬ್ಬೆರಳಿನಲ್ಲಿ.

ನಾನು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಹೇಳಿದೆ. "ಗೊತ್ತು ಕಣೋ. ನೀನೇ ಬದಲಾಯಿಸಿದ್ದು ಅಂತ ಆವತ್ತಿಂದ ಗೊತ್ತು. ಹೋಗ್ಲಿ ಬಿಡು. ನಾನು ಕ್ಷಮಿಸಿದೀನಿ."

ತಲೆ ಜೋರಾಗಿ ಅಡ್ಡಡ್ಡ ಆಡಿಸಿದ. ಕ್ಷಮೆ ಬೇಡ ಎನ್ನುವಷ್ಟು ನಾಚಿಕೆ ಪಾಪ. ನೀನು ಹೋದ ದಾರಿಯ ಕಡೆ ಕೈ ತೋರಿಸಿ ಕುರ್ಚಿ ಬಡಿದ. ನೀನು ಊಟಕ್ಕೆ ನಿಲ್ಲಲಿಲ್ಲವೆಂದು ಅವನಿಗೂ ಬೇಸರವಾಗಿದೆ ನೋಡು. ಬೇಗ ಇನ್ನೊಮ್ಮೆ ಬಾ.

ನಿನಗೂ ಈಗ ಗೊತ್ತಾಯಿತಲ್ಲ, ಅಂಕಿ ನನ್ನದಲ್ಲವೆಂದು. ಅವನ ಮೇಲೆ ಸಿಟ್ಟಾಗಬೇಡ. ನನಗೇ ಇಲ್ಲ.

ನಿನ್ನ ಹಳೆಯ ಸ್ನೇಹಿತೆ,
ಲೀಟಾ


ಲೂಡನ್ ಮಿಲ್ಸ್
23 ಜುಲೈ 2003

ರಾಯ್ಸ್,

ನೊರೀನ್ ನಿನಗೆ ಹೇಳಿದ್ದಾಳೆ, ನೀನೂ ಬಂದಿದ್ದೆ. ಶನಿವಾರ ಬೆಳಿಗ್ಗೆ ಎರಡನೆಯ ಹೊಡೆತಕ್ಕೆ ವೆಂಡೆಲ್ ಹೋದ. ನಾನು ಕ್ಷೌರ ಮಾಡುತ್ತಿದ್ದೆ, ಅರ್ಧ ಮುಖ ಆಗಿತ್ತು.

ಚರ್ಚಿನಲ್ಲಿ ನೀನು ಕೊನೆಯ ಸಾಲಿನಲ್ಲಿ ನಿಂತದ್ದು ಕಂಡಿತು. ಮುಂದಕ್ಕೆ ಬಾ ಎಂದು ಕೈ ಮಾಡಿದೆ, ನೀನು ನೆಲ ನೋಡುತ್ತಿದ್ದೆ. ಪೆಟ್ಟಿಗೆ ಹೊರುವ ಆರು ಜನರಲ್ಲಿ ನಿನ್ನ ಹೆಸರು ಬರೆಸಿದ್ದೆ. ಕೊನೆಗೆ ಪಾದ್ರಿಯೇ ಹಿಡಿದರು.

ಕೊನೆಯ ನಾಲ್ಕು ವಾರ ನಾವಿಬ್ಬರೂ ಸುಖವಾಗಿದ್ದೆವು. ಅಷ್ಟು ಹೇಳೋಣವೆಂದು ಬರೆದೆ. ನಿನ್ನ ಎಂಜಿನ್‌ಗೆ ಅವಸರವಿಲ್ಲ.

ಲೀಟಾ


ಪೈನ್ ಲಿಕ್
10 ಆಗಸ್ಟ್ 2003

ಲೀಟಾ,

ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲ ಮೂರೂ ಸಕ್ಕರೆ ಡಬ್ಬದ ಕೆಳಗಿವೆ, ನಿನ್ನ ಜೂನ್ ತಿಂಗಳ ಕಾಗದದ ಜೊತೆಗೆ. ಈ ಸಲ ಬರೆದ ಕೂಡಲೇ ಅಂಚೆಗೆ ಹಾಕಿ ಬರುತ್ತೇನೆ.

ಅಂಕಿ ಬದಲಾಯಿಸಿದವನು ನಾನು.

ನೀನು 11.38 ಬರೆದು ಹೋದೆ. ಮೂರು ಓಟ ಓಡಿ ಎಂಜಿನ್ ಕಾದಿತ್ತು. ಇಷ್ಟು ಬಿಸಿಯಲ್ಲಿ ಇದು ಅಷ್ಟು ವೇಗ ಓಡಲಾರದು, ಸುಸ್ತಾಗಿದೆ ಎಂದು ನನಗನ್ನಿಸಿತು. ಅದೊಂದೇ ಆಗಿದ್ದರೆ ನಿನ್ನನ್ನು ಕೂಗಿ ಕೇಳಬಹುದಿತ್ತು. ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ಅಳೆಯುವವಳು ನನ್ನ ಎಂಜಿನ್ ಎಷ್ಟು ಓಡುತ್ತದೆಂದು ನನಗೆ ಹೇಳುವುದೇನು ಎಂಬುದೂ ಇತ್ತು. ಅದು ಎಷ್ಟೋ ವರ್ಷದಿಂದ ಇತ್ತು. ವೆಂಡೆಲ್ ಒಳಗೆ ಬೆಲ್ಟ್ ಬಿಗಿದುಕೊಂಡು, ಹೆಲ್ಮೆಟ್ ಹಾಕಿ ಕೂತಿದ್ದ. ಹಿಂದಿನ ಕಿಟಕಿ ಅವನಿಗೆ ಕಾಣುವುದಿಲ್ಲ. ನಿನ್ನ ಅಂಕಿ ಮುಟ್ಟಲು ಅವನು ಯಾರನ್ನೂ ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅಂಗೈಯಿಂದ ಒರೆಸಿ 11.41 ಬರೆದೆ. ಕಾರು 11.39 ಓಡಿತು. ಪಕ್ಕದವನು ಹೊರಡುವುದರಲ್ಲೇ ತಡಮಾಡಿದ್ದ. ನಿನ್ನ 38 ಗಾಜಿನ ಮೇಲಿದ್ದಿದ್ದರೆ ನಾವು ಗೆದ್ದಿರುತ್ತಿದ್ದೆವು.

ಎಲ್ಲರೂ ಓಡಿಬಂದು ಏನಾಯಿತು ಎಂದಾಗ ನನ್ನ ಬಾಯಿಂದ ನಿನ್ನ ಹೆಸರು ಬಂತು. ಕೂಗಾಡಿದಷ್ಟೂ ಅದೇ ನಿಜವೆನ್ನಿಸಿತು. ವೆಂಡೆಲ್ ನಿನ್ನ ಪರ ನಿಂತ ಮೇಲೆ ಹಿಂದೆ ಸರಿಯಲು ದಾರಿ ಇರಲಿಲ್ಲ. ಇತ್ತು, ನಾನು ಹಿಡಿಯಲಿಲ್ಲ.

ಜೂನಿನಲ್ಲಿ ಹೇಳಿಯೇಬಿಡಬೇಕೆಂದು ಬಂದೆ. ಎರಡು ದಿನ ಅವಕಾಶವಿತ್ತು. ಸ್ಪ್ಯಾನರ್ ಕೊಡುವಾಗ ನೀನು ನನ್ನ ಮುಖ ನೋಡಿ ನಗುತ್ತಿದ್ದೆ, ನನ್ನಿಂದಾಗಲಿಲ್ಲ. ಎಂಜಿನ್ ಶುರುವಾದಾಗ, ನೀನು ಒಳಗಿದ್ದಾಗ, ಅವನ ಮುಂದೆ ಕೂತು ತುಟಿ ಆಡಿಸಿದೆ. "ಅಂಕಿ ಬದಲಾಯಿಸಿದ್ದು ನಾನು. ಅವಳಲ್ಲ. ಅವಳು ಬರೆದಿದ್ದು ಸರಿ ಇತ್ತು." ಅವನು ಓದಿಕೊಂಡ. ಅವನ ಮುಖ ಬದಲಾದದ್ದು ನೋಡಿದೆ. ಅಷ್ಟು ವರ್ಷ ನೀನೇ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ತಪ್ಪು ಬರೆದೆ ಎಂದುಕೊಂಡಿದ್ದ ಅವನು. ಹಾಗೆಂದುಕೊಂಡೇ ನಿನಗಾಗಿ ನನ್ನನ್ನೂ ಎಂಜಿನ್ನನ್ನೂ ಬಿಟ್ಟ. ನಿನಗೆ ನೋವಾಗುತ್ತದೆಂದು ಒಂದು ಮಾತು ಎತ್ತಲಿಲ್ಲ.

ಇನ್ನೊಂದನ್ನೂ ಬರೆಯಬೇಕು, ಇಲ್ಲದಿದ್ದರೆ ಇದೂ ಅರ್ಧ ಸುಳ್ಳೇ. ಅವನಿಗೆ ಬಾಯಿಲ್ಲ, ನಿನಗೆ ಹೇಳಲಾರ ಎಂದು ಗೊತ್ತಿದ್ದೇ ಅವನಿಗೆ ಹೇಳಿದೆ. ಹೇಳಿದೆ ಎಂಬ ಸಮಾಧಾನವೂ ಬೇಕಿತ್ತು, ನಿನಗೆ ತಿಳಿಯುವುದೂ ಬೇಡವಾಗಿತ್ತು.

ಅವನು ಗಾಜು ಒರೆಸಿದ್ದು ತಪ್ಪೊಪ್ಪಿಕೊಳ್ಳಲು ಅಲ್ಲ, ಲೀಟಾ. ನನ್ನ ವಿಷಯ ಹೇಳಲು. ನಿನ್ನ ಕಾಗದ ಓದಿದಾಗಲೇ ನನಗೆ ಅದು ತಿಳಿಯಿತು. ಆಗ ಅವನು ಬದುಕಿದ್ದ. ಮೂರು ವಾರಕ್ಕಿಂತ ಹೆಚ್ಚು ಬದುಕಿದ್ದ. ನಿಮ್ಮ ಮನೆಗೆ ಇಲ್ಲಿಂದ ಒಂದು ಗಂಟೆ ನಲವತ್ತು ನಿಮಿಷದ ದಾರಿ. ಬರುವ ವಾರ ಹೋಗೋಣ, ಬರುವ ವಾರ ಹೋಗೋಣ ಎನ್ನುತ್ತಿದ್ದೆ.

ಅವನ ಪೆಟ್ಟಿಗೆ ಹೊರಲು ನನಗೆ ಯೋಗ್ಯತೆ ಇರಲಿಲ್ಲ. ಅದಕ್ಕೇ ಹಿಂದೆ ನಿಂತೆ.

ರಾಯ್ಸ್


ಲೂಡನ್ ಮಿಲ್ಸ್
25 ಆಗಸ್ಟ್ 2003

ರಾಯ್ಸ್,

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ಓದಿದೆ. ಓದಿ ಮುಗಿಸಿ ಮೊಳೆಯ ಮೇಲಿದ್ದ ನಿನ್ನ ಟೋಪಿ ತೆಗೆದು ಕಸದ ಬುಟ್ಟಿಗೆ ಹಾಕಿದೆ. ಸಂಜೆ ಹೋಗಿ ಮತ್ತೆ ಎತ್ತಿ ಅಲ್ಲೇ ಹಾಕಿದೆ. ಅದನ್ನು ಅಲ್ಲಿಟ್ಟವನು ವೆಂಡೆಲ್, ತೆಗೆಯಲು ನಾನು ಯಾರು.

ಎರಡು ವಾರದಿಂದ ಅವನ ಆ ನಾಲ್ಕು ವಾರಗಳನ್ನೇ ನೆನೆಯುತ್ತಿದ್ದೇನೆ. ಕ್ಷಮಿಸಿಬಿಟ್ಟೆನೆಂಬ ಹೆಮ್ಮೆಯಲ್ಲಿ ಅವನಿಗೆ ಎಷ್ಟು ಉಪಚಾರ ಮಾಡಿದೆ, ಗೊತ್ತೇ? ತಲೆಗೆ ಎಣ್ಣೆ ಹಾಕಿ ಬಾಚಿದೆ. ರಾತ್ರಿ ಕೈ ಹಿಡಿದು ಮಲಗಿದೆ. ದಿನಕ್ಕೊಮ್ಮೆಯಾದರೂ ಅವನ ಕಿವಿಯಲ್ಲಿ ಹೇಳುತ್ತಿದ್ದೆ, "ನಾನು ಆ ಅಂಕಿ ಮರೆತೇಬಿಟ್ಟೆ ಕಣೋ." ಹೇಳಿದಾಗಲೆಲ್ಲ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಅದಲುಬದಲಾಗಿದೆ, ಹೌದು ಎನ್ನುತ್ತಿದ್ದಾನೆ ಎಂದುಕೊಂಡೆ. ಕೊನೆಕೊನೆಗೆ ತಲೆ ಆಡಿಸುವುದನ್ನು ಬಿಟ್ಟ. ನನ್ನ ಕೆನ್ನೆ ಮುಟ್ಟಿ ಸುಮ್ಮನಾಗುತ್ತಿದ್ದ. ಮಾಡದ ತಪ್ಪಿಗೆ ನಾನು ಕೊಟ್ಟ ಕ್ಷಮೆಯನ್ನು, ನನಗೆ ಸಮಾಧಾನವಾಗಲಿ ಎಂದು ತೆಗೆದುಕೊಂಡುಬಿಟ್ಟ. ಆವತ್ತು "ಅಂಕಿ ನಮ್ಮದು" ಎಂದನಲ್ಲ, ಹಾಗೆಯೇ.

ಅವನು ಇಪ್ಪತ್ತೆರಡು ವರ್ಷ ನನ್ನ ತಪ್ಪೆಂದುಕೊಂಡು ಒಂದು ಚುಚ್ಚುಮಾತು ಆಡಲಿಲ್ಲ. ನಾನು ಅವನ ತಪ್ಪೆಂದುಕೊಂಡು ತಟ್ಟೆ ಕುಕ್ಕಿದೆ. ಇದರಲ್ಲಿ ನಿನ್ನ ಪಾಲು ಎಷ್ಟೆಂದು ನಿನಗೆ ಗೊತ್ತು. ನನ್ನ ಪಾಲೂ ಇದೆ. ಒಂದೇ ಒಂದು ಸಲ, ಯಾವುದಾದರೂ ಒಂದು ಊಟದ ಹೊತ್ತಿನಲ್ಲಿ, "ಯಾಕೋ ಬದಲಾಯಿಸ್ದೆ?" ಎಂದು ಕೇಳಿದ್ದರೆ ಅವನು ನನ್ನ ಮುಖ ನೋಡಿ, "ನಾನೆಲ್ಲಿ ಬದಲಾಯಿಸ್ದೆ?" ಎಂದಿರುತ್ತಿದ್ದ. ಐದು ನಿಮಿಷದ ಮಾತು. ಅದನ್ನು ನಾನು ಕೇಳಲಿಲ್ಲ.

ಕ್ಷಮಿಸು ಎಂದು ನೀನು ಬರೆದಿಲ್ಲ. ಬರೆಯದೆ ಇದ್ದದ್ದು ಒಳ್ಳೆಯದಾಯಿತು. ನನ್ನಲ್ಲಿದ್ದುದನ್ನೆಲ್ಲ ತಪ್ಪು ಮಾಡದವನಿಗೆ ಕೊಟ್ಟು ಮುಗಿಸಿದ್ದೇನೆ.

ಬರುವ ಭಾನುವಾರ, 31ಕ್ಕೆ, ಮಡ್ಡಿ ಫೋರ್ಕ್‌ನಲ್ಲಿ ಈ ವರ್ಷದ ಕಾರ್ಮಿಕರ ದಿನದ ಪಂದ್ಯವಿದೆ, ರಜೆ ಮರುದಿನ ಸೋಮವಾರ. ನಮ್ಮ "ಓಪಲ್ ಅತ್ತೆ" ಕಾರಿನ ಹೆಸರು ಕೊಟ್ಟು ಬಂದಿದ್ದೇನೆ. ರಸ್ತೆಯ ಮೇಲೆ ಓಡಲೆಂದೂ ಕಟ್ಟಿದ ಕಾರಲ್ಲವೇ, ಮನೆಯಿಂದ ನಾನೇ ಓಡಿಸಿಕೊಂಡು ಬರುತ್ತೇನೆ. ಅಲ್ಲಿಂದ ಮುಂದೆ ಓಡಿಸುವವನು ನೀನು. ಅಂಕಿ ಬರೆಯುವವಳು ನಾನು. ಗಾಳಿಯ ತಂಪು ಅಳೆಯುವ ನನ್ನ ಹಳೆಯ ಥರ್ಮಾಮೀಟರ್ ಹುಡುಕಿ ಇಟ್ಟುಕೊಂಡಿದ್ದೇನೆ, ಶೂ ಪಾಲಿಶ್ ಹೊಸದು ತಂದಿದ್ದೇನೆ.

ಆವತ್ತು ಇದ್ದವರಲ್ಲಿ ಬಹಳ ಜನ ಇನ್ನೂ ಬರುತ್ತಾರಂತೆ, ಊರುಗೋಲು ಹಿಡಿದಾದರೂ. ನಾನು ಅಂಕಿ ಬರೆದು ಮುಗಿಸಿದ ಮೇಲೆ, ಓಟಕ್ಕೆ ಮೊದಲು, ಅವರೆಲ್ಲರೆದುರು ನೀನು ಆ ಕಿಟಕಿಯ ಪಕ್ಕ ನಿಂತು, 1981ರಲ್ಲಿ ಅದನ್ನು ಒರೆಸಿದವರು ಯಾರೆಂದು ಹೇಳಬೇಕು. ವೆಂಡೆಲ್‌ನ ಹೆಸರು ಹಿಡಿದು ಹೇಳಬೇಕು, ನನ್ನ ಹೆಸರು ಹಿಡಿದು ಹೇಳಬೇಕು.

ತುಟಿ ಆಡಿಸಿದರೆ ಸಾಲದು. ಎಂಜಿನ್ ಆರಿಸಿ ಹೇಳು.

ಲೀಟಾ